ಲಿಂಗ ಹಿಡಿದ ಕೈ, ದುಡಿಯುವ ಕೈ

(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಶರಣ ಬಂಧುಗಳು ಸೇರಿದ್ದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಇವತ್ತು ನನಗೆ ಕೊಟ್ಟಿರುವ ವಿಷಯ ‘ದಿನನಿತ್ಯದ ಬದುಕಿನಲ್ಲಿ ಅಧ್ಯಾತ್ಮ’. ಈ ಮಾತು ಕೇಳಿದ ಕೂಡಲೇ ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದು ಎರಡು ಬೇರೆ ಬೇರೆ ಚಿತ್ರಗಳು. ಒಂದು ಕಡೆ ಸಾಲ, ಸಂಬಳ, ಮಕ್ಕಳ ಫೀಸು, ಹಾಲಿನ ಡೈರಿ, ಬಸ್ಸು. ಇನ್ನೊಂದು ಕಡೆ ಪೂಜೆ, ಧ್ಯಾನ, ಮಠ, ಜಾತ್ರೆ. ಇವೆರಡನ್ನೂ ಹೇಗಾದರೂ ಹೊಂದಿಸಿಕೊಂಡು ಹೋಗಬೇಕು, ಬೆಳಿಗ್ಗೆ ಅರ್ಧ ಗಂಟೆ ದೇವರಿಗೆ, ಉಳಿದದ್ದೆಲ್ಲ ಸಂಸಾರಕ್ಕೆ ಎಂದು ನಾವು ಲೆಕ್ಕ ಹಾಕುತ್ತೇವೆ. ಬಸವಾದಿ ಶರಣರು ಈ ಲೆಕ್ಕವನ್ನೇ ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ, ಅದರಿಂದ ನಮ್ಮ ಮೇಲೆ ಬೀಳುವ ಹೊಣೆ ಏನು ಎನ್ನುವುದಷ್ಟನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಾವು ಬದುಕುತ್ತಿರುವುದು ಪುಣ್ಯಕ್ಷೇತ್ರಗಳ ನಡುವೆ. ನಂಜನಗೂಡನ್ನು ದಕ್ಷಿಣ ಕಾಶಿ ಎನ್ನುತ್ತಾರೆ. ಹುಣ್ಣಿಮೆ ಬಂತೆಂದರೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಗೌತಮ ಪಂಚ ಮಹಾರಥೋತ್ಸವದ ದಿನವಂತೂ ರಥಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿಂದ ಕೆಳಕ್ಕೆ ಹರಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ ಕುಂಭಮೇಳ ನಡೆದುಬಂದಿದೆ. 2025ರ ಫೆಬ್ರುವರಿಯಲ್ಲೂ ನಡೆಯಿತು. ಮುಡುಕುತೊರೆ ಇದೆ, ತಲಕಾಡು ಇದೆ, ಸುತ್ತೂರು ಇದೆ. ಪುಣ್ಯಕ್ಕೆ ನಮ್ಮಲ್ಲಿ ಬರವಿಲ್ಲ.

ಆದರೂ ಜಾತ್ರೆ ಮುಗಿದ ಮಾರನೆಯ ದಿನ ನಮ್ಮ ಮನಸ್ಸು ಹೇಗಿರುತ್ತದೆ? ಹಿಂದಿನ ದಿನ ಹೇಗಿತ್ತೋ ಹಾಗೇ ಇರುತ್ತದೆ. ಅದೇ ಕೋಪ, ಅದೇ ಹೊಟ್ಟೆಕಿಚ್ಚು, ಅದೇ ಬೇಸರ. ನಂಜುಂಡೇಶ್ವರನ ಗುಡಿಗೆ ಹೋಗಬೇಡಿ ಎಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ಆದರೆ ಒಂದು ಸಂಗತಿಯನ್ನು ನೀವೇ ನೋಡಿದ್ದೀರಿ. ಕಪಿಲೆಯಲ್ಲಿ ಮಿಂದವರು ಪಾಪ ಕಳೆಯಿತು ಎಂದುಕೊಂಡು ಉಟ್ಟ ಬಟ್ಟೆಯನ್ನು ನೀರಿನಲ್ಲೇ ಬಿಟ್ಟು ಹೊಸ ಬಟ್ಟೆ ಹಾಕಿಕೊಂಡು ಹೋಗುತ್ತಾರೆ. ಆ ಒದ್ದೆ ಬಟ್ಟೆಯ ರಾಶಿಯನ್ನು ಮಾರನೆಯ ದಿನ ಎತ್ತಿ ಹಾಕುವವರು ಯಾರು? ಪೌರಕಾರ್ಮಿಕರು. ನಮ್ಮ ಪುಣ್ಯ ಅವರ ತಲೆಯ ಮೇಲಿನ ಹೊರೆಯಾಯಿತು. ಒಬ್ಬರು ಹಗುರವಾಗಲು ಇನ್ನೊಬ್ಬರು ಹೊರಬೇಕಾದರೆ ಅದು ಎಂಥ ಅಧ್ಯಾತ್ಮ? ಈ ಪ್ರಶ್ನೆ ಕೇಳಲು ಶಾಸ್ತ್ರ ಓದಿರಬೇಕಾಗಿಲ್ಲ. ಸೋಪಾನಕಟ್ಟೆಯ ಮೇಲೆ ಐದು ನಿಮಿಷ ಸುಮ್ಮನೆ ಕುಳಿತರೆ ಸಾಕು.

ಹನ್ನೆರಡನೆಯ ಶತಮಾನದಲ್ಲಿ ಶರಣರು ಮಾಡಿದ ದೊಡ್ಡ ಕೆಲಸ ಇಲ್ಲಿಯೇ ಇದೆ. ಗುಡಿಯಲ್ಲಿದ್ದ ಲಿಂಗವನ್ನು ಅವರು ಅಂಗೈಗೆ ತಂದರು. ಇಷ್ಟಲಿಂಗದ ಬಗ್ಗೆ ನಾವು ಬಹಳ ಮಾತಾಡುತ್ತೇವೆ. ಗುಡಿಗೆ ಬಿಡದವರಿಗೂ ದೇವರು ಸಿಕ್ಕ, ಪೂಜಾರಿಯ ಹಂಗು ತಪ್ಪಿತು, ಹೆಣ್ಣುಮಕ್ಕಳಿಗೂ ಪೂಜೆಯ ಹಕ್ಕು ಬಂತು ಎನ್ನುತ್ತೇವೆ. ಎಲ್ಲವೂ ನಿಜ. ಆದರೆ ಅಂಗೈ ಎಂಬ ಜಾಗವನ್ನು ಇನ್ನೊಮ್ಮೆ ಯೋಚನೆ ಮಾಡಿ. ದೇವರನ್ನು ಇಟ್ಟುಕೊಳ್ಳಲು ಅವರು ಆರಿಸಿದ್ದು ಅಂಗೈಯನ್ನು. ಬೆಳಿಗ್ಗೆ ಲಿಂಗ ಕೂರುವ ಅದೇ ಅಂಗೈ ಆಮೇಲೆ ಗುದ್ದಲಿ ಹಿಡಿಯುತ್ತದೆ, ತಕ್ಕಡಿ ಹಿಡಿಯುತ್ತದೆ, ಸೌಟು ಹಿಡಿಯುತ್ತದೆ, ಫೈಲಿಗೆ ಸಹಿ ಹಾಕುತ್ತದೆ, ಮೊಬೈಲು ಒತ್ತುತ್ತದೆ, ದುಡ್ಡು ಎಣಿಸುತ್ತದೆ. ಪೂಜೆಗೊಂದು ಕೈ, ವ್ಯವಹಾರಕ್ಕೊಂದು ಕೈ ಎಂದು ಯಾರಿಗೂ ಬೇರೆ ಬೇರೆ ಕೈಗಳಿಲ್ಲ. ಲಿಂಗ ಹಿಡಿದ ಕೈಯೇ ದುಡಿಯಬೇಕು. ದುಡಿಯುವ ಕೈ ಲಿಂಗ ಹಿಡಿಯಲು ತಕ್ಕದ್ದಾಗಿರಬೇಕು. ನನಗೆ ತಿಳಿದಂತೆ ದಿನನಿತ್ಯದ ಅಧ್ಯಾತ್ಮ ಎಂದರೆ ಇಷ್ಟೇ.

ಇದಕ್ಕೆ ಕಲ್ಯಾಣದ ಹೆಸರುಗಳೇ ಸಾಕ್ಷಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ, ಮೋಳಿಗೆ ಮಾರಯ್ಯ. ಇವರು ಶರಣರಾದ ಮೇಲೆ ಹೆಸರಿನ ಹಿಂದಿದ್ದ ಕಸುಬನ್ನು ಅಳಿಸಿಕೊಳ್ಳಲಿಲ್ಲ. ಬಟ್ಟೆ ಒಗೆಯುವವರು ಒಗೆಯುತ್ತಲೇ, ದೋಣಿ ನಡೆಸುವವರು ನಡೆಸುತ್ತಲೇ, ಸೌದೆ ಹೊರುವವರು ಹೊರುತ್ತಲೇ ಅನುಭವ ಮಂಟಪದಲ್ಲಿ ಕುಳಿತು ಮಾತಾಡಿದರು. ಅಂಗಳ ಗುಡಿಸುವುದು ಸತ್ಯಕ್ಕನ ಕಾಯಕ. ಮಾರನೆಯ ದಿನ ನದಿಯ ದಡ ಗುಡಿಸುವ ತಾಯಿಯನ್ನು ಕಂಡಾಗ ನಮಗೆ ಸತ್ಯಕ್ಕ ನೆನಪಾಗದಿದ್ದರೆ, ವರ್ಷ ವರ್ಷವೂ ಬಸವ ಜಯಂತಿ ಮಾಡಿ ನಾವು ಕಲಿತದ್ದಾದರೂ ಏನು?

ನುಲಿಯ ಚಂದಯ್ಯನವರ ಕಥೆ ನಿಮಗೆಲ್ಲ ಗೊತ್ತಿರುವುದೇ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಅವರು ಕೊಯ್ಯುವುದನ್ನು ನಿಲ್ಲಿಸಲಿಲ್ಲ. ಲಿಂಗವೇ ಅವರ ಬೆನ್ನು ಹತ್ತಿ ಬಂದಿತು ಎಂದು ನಮ್ಮ ಪರಂಪರೆ ಹೇಳುತ್ತದೆ. ಇದನ್ನು ಪವಾಡ ಎಂದು ಕೇಳಿ ಕೈಮುಗಿದುಬಿಟ್ಟರೆ ಅದರ ತಿರುಳು ಸಿಕ್ಕುವುದಿಲ್ಲ. ಜಂಗಮ ಸೇವೆಗಾಗಿ ಮಾಡುವ ದುಡಿಮೆ ನಿಂತರೆ ಲಿಂಗಕ್ಕೂ ಮೆಚ್ಚಿಗೆಯಿಲ್ಲ ಎನ್ನುವಷ್ಟು ಎತ್ತರಕ್ಕೆ ಅವರು ಕಾಯಕವನ್ನು ಏರಿಸಿದರು. ಪೂಜೆಯ ಹೆಸರಿನಲ್ಲಿ ಕೆಲಸ ತಪ್ಪಿಸಿಕೊಳ್ಳುವವರಿಗೆ ಈ ಕಥೆಯಲ್ಲಿ ಜಾಗವಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಷ್ಟದ ಪ್ರಶ್ನೆಗೆ ಬರುತ್ತೇನೆ. ನಮ್ಮ ಗೋಷ್ಠಿಗೆ ಬರುವ ಒಬ್ಬ ಹುಡುಗ ಇದ್ದಾನೆ. ಡಿಪ್ಲೊಮಾ ಓದಿದ್ದಾನೆ, ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಮೇಲೆ ನೈಟ್ ಶಿಫ್ಟ್ ಮಾಡುತ್ತಾನೆ. ಒಂದು ದಿನ ಕೇಳಿದ: “ಮೇಷ್ಟ್ರೇ, ಎಂಟು ಗಂಟೆ ಹೊತ್ತು ಬಾಟ್ಲಿಗೆ ಮುಚ್ಚಳ ಹಾಕೋ ಮೆಷಿನ್ ಮುಂದೆ ನಿಂತಿರ್ತೀನಿ. ಕಾಯಕ ಅಂತೀರಿ. ಇದರಲ್ಲಿ ಶಿವ ಎಲ್ಲವ್ನೆ?”

ಈ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡುವುದು ಸುಲಭ. “ಕೆಲಸವೇ ದೇವರು, ಮನಸ್ಸಿಟ್ಟು ಮಾಡಪ್ಪ” ಎಂದು ಕಳಿಸಿಬಿಡಬಹುದು. ಹಾಗೆ ಹೇಳಿದರೆ ಆ ಹುಡುಗನಿಗೂ ಅನ್ಯಾಯ, ಶರಣರಿಗೂ ಅನ್ಯಾಯ. ಕಾಯಕವನ್ನು ಕೈಲಾಸವೆಂದ ಆ ದೊಡ್ಡ ಮಾತು ಈಗ ಕಚೇರಿಯ ಗೋಡೆಯ ಮೇಲೆ, ಲಾರಿಯ ಹಿಂದೆ, ಕಾರ್ಖಾನೆಯ ಬಾಗಿಲಿನಲ್ಲಿ ಎಲ್ಲ ಕಡೆ ಇದೆ. ಅದನ್ನು ಬರೆಸುವವರು ಬಹಳ ಸಲ ದುಡಿಸಿಕೊಳ್ಳುವವರು. ದುಡಿಯುವವನಿಗೆ ಕೈಲಾಸ ತೋರಿಸಿ ಕೂಲಿಯನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುವುದಕ್ಕೆ ಶರಣರು ಆ ಮಾತು ಹೇಳಲಿಲ್ಲ.

ಕೆಲಸ ಬೇರೆ, ಕಾಯಕ ಬೇರೆ. ಕೆಲಸ ಕಾಯಕ ಆಗಬೇಕಾದರೆ ಕೆಲವು ನಿಬಂಧನೆಗಳಿವೆ. ಮೊದಲನೆಯದು, ಆ ಕೆಲಸದಿಂದ ಇನ್ನೊಬ್ಬರಿಗೆ ಕೇಡಾಗಬಾರದು. ಎರಡನೆಯದು, ಅದರಲ್ಲಿ ಅಳತೆ ತಪ್ಪಬಾರದು, ಮೋಸ ಇರಬಾರದು. ಮೂರನೆಯದು, ಅದರಿಂದ ಬಂದದ್ದು ನನ್ನ ಹೊಟ್ಟೆಯಲ್ಲೇ ಮುಗಿದುಹೋಗಬಾರದು, ಅದರಲ್ಲಿ ದಾಸೋಹದ ಪಾಲು ಇರಬೇಕು. ನಾಲ್ಕನೆಯದನ್ನು ನಾವು ಮರೆತೇಬಿಟ್ಟಿದ್ದೇವೆ: ಯಾವ ಕಾಯಕವೂ ಮೇಲಲ್ಲ, ಯಾವುದೂ ಕೀಳಲ್ಲ. ಈ ನಾಲ್ಕರಲ್ಲಿ ಒಂದು ಬಿಟ್ಟರೂ ಅದು ಹೊಟ್ಟೆಪಾಡಾಗುತ್ತದೆ, ಕಾಯಕ ಆಗುವುದಿಲ್ಲ.

ಆ ಹುಡುಗನಿಗೆ ನಾನು ಹೇಳಿದ್ದು ಇದು: “ನೋಡಪ್ಪ, ಬೇಸರ ಆಗುವುದು ನಿನ್ನ ಭಕ್ತಿಯ ಕೊರತೆಯಲ್ಲ. ಒಂದೇ ಕೆಲಸವನ್ನು ಎಂಟು ಗಂಟೆ ಮಾಡಿದರೆ ಯಾರಿಗಾದರೂ ಬೇಸರವೇ. ಆದರೆ ಆ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನೀನು ನೋಡುವ ನೋಟ ಯಾವುದೋ ಮನೆಯ ಒಂದು ಮಗುವಿನ ಆರೋಗ್ಯ ಕಾಯುತ್ತದೆ. ನಿನ್ನ ಪಾಲಿನ ಕಾಯಕ ಅಲ್ಲಿದೆ. ಇನ್ನು ಸಂಬಳ ತಡ ಮಾಡುವವನು, ಪಿ.ಎಫ್. ಕಟ್ಟದವನು ಅವನ ಪಾಲಿನ ಕಾಯಕ ತಪ್ಪಿದ್ದಾನೆ. ಅದನ್ನು ನ್ಯಾಯವಾಗಿ, ಜೊತೆಗಾರರೊಡನೆ ಸೇರಿ ಕೇಳುವುದೂ ನಿನ್ನ ಧರ್ಮವೇ. ಕೇಳಿದರೆ ಭಕ್ತಿ ಕೆಡುವುದಿಲ್ಲ.”

ಈ ಮಾತನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳಬೇಕು. ಇಲ್ಲಿ ಕುಳಿತವರಲ್ಲಿ ಜಮೀನು ಇರುವವರು ಬಹಳ ಜನ ಇದ್ದೇವೆ. ಕಬಿನಿ ನಾಲೆಯಲ್ಲಿ ನೀರು ಬಂತೆಂದರೆ ನಾಟಿಗೆ ಆಳು ಬೇಕು, ಕಳೆಗೆ ಆಳು ಬೇಕು. ಬೆಳಗಿನಿಂದ ಬಗ್ಗಿದ ಬೆನ್ನು ಸಾಯಂಕಾಲ ನೆಟ್ಟಗಾಗಿ ನಮ್ಮ ಜಗಲಿಯ ಮುಂದೆ ಬಂದು ನಿಲ್ಲುತ್ತದೆ. “ನಾಳೆ ಬಾ” ಎನ್ನುತ್ತೇವೆ. ನಾಳೆ ಬಂದರೆ “ಸೋಮವಾರ ಇವತ್ತು, ಲಕ್ಷ್ಮಿ ಹೊರಗೆ ಕೊಡಬಾರದು” ಎನ್ನುತ್ತೇವೆ. ಬೆಳಿಗ್ಗೆ ಲಿಂಗ ಹಿಡಿದು ಕಣ್ಣು ಮುಚ್ಚಿದ್ದ ಕೈಯೇ ಅದು, ಸಾಯಂಕಾಲ ಕೂಲಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ಕೂಲಿಯಾಳಿಗೆ ಕಾಯಕದ ಉಪದೇಶ ಮಾಡುವ ಮೊದಲು ಒಡೆಯನ ಕಾಯಕ ಏನೆಂದು ತಿಳಿಯೋಣ. ಹೊತ್ತು ಮುಳುಗುವುದರೊಳಗೆ ಕೂಲಿ ಕೊಡುವುದೇ ಒಡೆಯನ ಕಾಯಕ.

ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಿರಿ. ಗಂಡ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಾದುದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದು ತಿರುಗಿ ಕಳಿಸಿದರು. ಗಮನಿಸಿ, ಅದು ಕದ್ದ ಅಕ್ಕಿಯಲ್ಲ. ಯಾರೂ ಕೇಳುವವರಿರಲಿಲ್ಲ. ಮನೆಯಲ್ಲಿ ಸಿರಿಯೂ ಇರಲಿಲ್ಲ. ಆದರೂ ಇವತ್ತಿಗೆ ಇಷ್ಟು ಸಾಕು ಎಂಬ ಅಳತೆ ಆ ತಾಯಿಯ ಕೈಯಲ್ಲಿತ್ತು. ಬದುಕಿಗೆ ಅರ್ಥ ಎಲ್ಲಿದೆ ಎಂದು ಕೇಳುವವರಿಗೆ ಆ ಬಡಮನೆಯಲ್ಲಿ ಉತ್ತರ ಇದೆ. ಸಾಕು ಎನ್ನಲು ಬಾರದವನಿಗೆ ಎಷ್ಟು ಬಂದರೂ ಅರ್ಥ ಬರುವುದಿಲ್ಲ. ನಮ್ಮ ಬೇಸರದಲ್ಲಿ ಅರ್ಧ ಪಾಲು ಪಕ್ಕದ ಮನೆಯ ಕಾರಿನಿಂದ, ನಂಟರ ಮದುವೆಯ ಚಪ್ಪರದಿಂದ ಬಂದದ್ದು. ಅದಕ್ಕೆ ಬೇರೆ ಮದ್ದಿಲ್ಲ. ಲಕ್ಕಮ್ಮನ ಅಳತೆಯೇ ಮದ್ದು.

ಇನ್ನು ನಿಷ್ಠೆಯ ಮಾತು. ನರಸೀಪುರದ ಕಡೆಯ ತಾಯಂದಿರಿಗೆ ರೇಷ್ಮೆ ಹುಳು ಸಾಕುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಅದರ ಹಸಿವಿಗೆ ಹಗಲು ರಾತ್ರಿ ಇಲ್ಲ. ಸೊಪ್ಪು ಒದ್ದೆ ಇರಬಾರದು, ಬಾಡಿರಬಾರದು, ಹೊತ್ತು ತಪ್ಪಬಾರದು. ನಡುರಾತ್ರಿ ಎದ್ದು ಸೊಪ್ಪು ಹಾಕುವ ತಾಯಿಯನ್ನು ನೋಡುವ ಸೂಪರ್‌ವೈಸರ್ ಯಾರೂ ಇಲ್ಲ. ಹುಳುವಿಗೆ ಬಾಯಿ ಬಂದು ದೂರು ಹೇಳುವುದಿಲ್ಲ. ಆದರೂ ಎದ್ದೇಳುತ್ತಾಳೆ. ಯಾರೂ ನೋಡದಿದ್ದಾಗಲೂ ಸರಿಯಾಗಿ ಮಾಡುವ ಈ ಗುಣಕ್ಕೆ ಶರಣರು ನಿಷ್ಠೆ ಎಂದರು. ಹುಳು ಹಣ್ಣಾಗಿ ಚಂದ್ರಿಕೆ ಹತ್ತಿ ಗೂಡು ಕಟ್ಟುವಾಗ ಆ ತಾಯಿಯ ಮುಖದಲ್ಲಿ ಒಂದು ನೆಮ್ಮದಿ ಕಾಣುತ್ತದಲ್ಲ, ಅದನ್ನು ಹುಡುಕಿಕೊಂಡು ನಾವು ದೂರದೂರದ ಯಾತ್ರೆ ಹೋಗುತ್ತೇವೆ.

ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಹೆಣ್ಣುಮಕ್ಕಳ ದುಡಿಮೆಯನ್ನು ಹೊಗಳಿ ಹೊಗಳಿಯೇ ಅವರ ಮೇಲೆ ಹೊರೆ ಹಾಕುವ ಜಾಣತನ ನಮಗಿದೆ. ಐದಕ್ಕೆ ಎದ್ದು, ಅಂಗಳ ಸಾರಿಸಿ, ಹಾಲು ಕರೆದು, ಅಡುಗೆ ಮಾಡಿ, ಡಬ್ಬಿ ತುಂಬಿಸಿ, ಆಮೇಲೆ ಉಸಿರು ಬಿಡುವ ತಾಯಿಗೆ “ನೀನು ಪೂಜೆಗೆ ಕೂರುವುದಿಲ್ಲವಲ್ಲ” ಎನ್ನುತ್ತೇವೆ. ಗಂಡಸು ಒಂದು ತಾಸು ಲಿಂಗಪೂಜೆಗೆ ಕೂರುವುದು ಅವಳು ಅಷ್ಟು ಹೊತ್ತು ಒಲೆಯ ಮುಂದೆ ನಿಂತಿರುವುದರಿಂದ. ಅಕ್ಕ ನಾಗಮ್ಮ, ನೀಲಾಂಬಿಕೆ, ಅಕ್ಕಮಹಾದೇವಿ ಇವರ ಹೆಸರು ಹೇಳುವ ಮನೆಯಲ್ಲಿ ಹೆಂಗಸರಿಗೂ ಅರ್ಧ ಗಂಟೆ ಅವರದೇ ಆದ ಮೌನ ಸಿಗಬೇಕು. ಆ ಅರ್ಧ ಗಂಟೆ ಗಂಡಸರು ಸೌಟು ಹಿಡಿಯಲಿ. ಇದು ನಗುವ ಮಾತಲ್ಲ. ಹಿಂದಿನ ಸಾಲಿನಲ್ಲಿ ನಗುತ್ತಿರುವ ಅಣ್ಣಂದಿರು ನಾಳೆಯೇ ಮಾಡಿ ನೋಡಲಿ.

ಕೆಲಸವೇ ಇಲ್ಲದವರು ಏನು ಮಾಡಬೇಕು ಎಂದು ಕೆಲವರು ಕೇಳುತ್ತಾರೆ. ನಿವೃತ್ತರಾದವರು, ಮಕ್ಕಳು ಬೆಂಗಳೂರಿಗೆ ಹೋಗಿ ದೊಡ್ಡ ಮನೆಯಲ್ಲಿ ಒಂಟಿಯಾಗಿ ಉಳಿದವರು, ಓದು ಮುಗಿಸಿ ನೌಕರಿಗೆ ಕಾಯುತ್ತಿರುವ ಮಕ್ಕಳು. ಸಂಬಳ ಬರುವುದು ಮಾತ್ರ ಕಾಯಕ ಎಂದುಕೊಂಡವರಿಗೆ ಈ ಸಂಕಟ ಹೆಚ್ಚು. ಫ.ಗು. ಹಳಕಟ್ಟಿಯವರ ಬಾಳನ್ನು ನೋಡಿ. ಹೊಟ್ಟೆಪಾಡಿಗೆ ವಿಜಯಪುರದಲ್ಲಿ ವಕೀಲರು. ಮನೆ ಮನೆ ತಿರುಗಿ ತಾಡೋಲೆ ಹುಡುಕಿ, ವಚನಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ‘ಶಿವಾನುಭವ’ ಪತ್ರಿಕೆ. ಮುದ್ರಣಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1964ರಲ್ಲಿ ಅವರು ಲಿಂಗೈಕ್ಯರಾದರು. ಆ ದುಡಿಮೆಗೆ ಯಾರೂ ತಿಂಗಳ ಸಂಬಳ ಕೊಡಲಿಲ್ಲ. ಇವತ್ತು ನಮ್ಮ ಕೈಗೆ ವಚನಗಳು ಸಿಕ್ಕಿವೆ ಎಂದರೆ ಅದರ ಹಿಂದೆ ಆ ಕಾಯಕವಿದೆ. ನಮ್ಮೂರಿನ ನಿವೃತ್ತರು ಸಾಯಂಕಾಲ ನಾಲ್ಕು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರೆ, ಬ್ಯಾಂಕಿನ ಅರ್ಜಿ ತುಂಬಲು ಬಾರದ ಒಬ್ಬ ಅಜ್ಜಿಗೆ ತುಂಬಿಕೊಟ್ಟರೆ ಅದೂ ಕಾಯಕವೇ. ಕಾಯಕ್ಕೆ ನಿವೃತ್ತಿ ಬರಬಹುದು, ಕಾಯಕಕ್ಕೆ ಬರುವುದಿಲ್ಲ.

ಈಗ ದಾಸೋಹಕ್ಕೆ ಬರೋಣ. ಈ ವಿಷಯದಲ್ಲಿ ನಾವು ಪುಣ್ಯವಂತರು, ಹೊರಗಿನ ಉದಾಹರಣೆ ಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿದ್ದ ಗುರುಮಲ್ಲೇಶ್ವರರನ್ನು ಜನ ಇವತ್ತಿಗೂ ಮಹಾದಾಸೋಹಿ ಎಂದೇ ಕರೆಯುತ್ತಾರೆ. ಮನೆ ಮನೆಗೆ ಹೋಗಿ ಭಿಕ್ಷೆ ಎತ್ತುವುದು, ಬಂದದ್ದನ್ನು ಹಸಿದವರಿಗೆ ಬಡಿಸುವುದು. ಇದರಲ್ಲಿ ಕೊಟ್ಟವನ ಹೆಸರು ಎಲ್ಲಿದೆ? ಹತ್ತು ಮನೆಯ ಅಕ್ಕಿ ಒಂದೇ ಜೋಳಿಗೆಯಲ್ಲಿ ಬೆರೆತ ಮೇಲೆ ಸಿರಿವಂತನ ಅಕ್ಕಿ ಯಾವುದು, ಬಡವನ ಅಕ್ಕಿ ಯಾವುದು ಎಂದು ಯಾರು ಗುರುತು ಹಿಡಿಯಬಲ್ಲರು? ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ತೆಗೆದುಕೊಳ್ಳುವ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಬರೆಸುವ ಈ ಕಾಲದಲ್ಲಿ ಆ ಜೋಳಿಗೆಯನ್ನು ನೆನೆಯುವುದು ಒಳ್ಳೆಯದು.

ಸುತ್ತೂರಿನ ಡಾ. ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು (1916–1986) ಇದೇ ದಾಸೋಹವನ್ನು ಅಕ್ಷರದ ಕಡೆಗೆ ಚಾಚಿದರು. ಹಳ್ಳಿಯಿಂದ ಮೈಸೂರಿಗೆ ಓದಲು ಬಂದ ಬಡಮಕ್ಕಳಿಗೆ ಅನ್ನ ಮತ್ತು ನೆರಳು ಕೊಡುವುದರಿಂದ ಆರಂಭಿಸಿ 1954ರಲ್ಲಿ ವಿದ್ಯಾಪೀಠ ಕಟ್ಟಿದರು. ಇವತ್ತು ನಮ್ಮ ಎರಡೂ ತಾಲ್ಲೂಕುಗಳಲ್ಲಿ ಆ ಅನ್ನ ಉಂಡು ಓದಿ ಮೇಲೆ ಬಂದವರು ಎಷ್ಟು ಮನೆಗಳಲ್ಲಿ ಇಲ್ಲ? ಹಾಗೆ ಉಂಡವರಿಗೆ ಒಂದು ಋಣ ಇದೆ. ಮಠಕ್ಕೆ ಕಾಣಿಕೆ ಕೊಟ್ಟಷ್ಟಕ್ಕೇ ಆ ಋಣ ತೀರುವುದಿಲ್ಲ. ತಮ್ಮ ಬೀದಿಯ ಇನ್ನೊಂದು ಮಗುವನ್ನು ಓದಿಸಿದಾಗ ತೀರುತ್ತದೆ.

ಬಂಧುಗಳೇ, ಇಲ್ಲಿಯವರೆಗೆ ಕೇಳಲು ಹಿತವಾದ ಮಾತು ಹೇಳಿದೆ. ಇನ್ನು ಹಿತವಲ್ಲದ ಒಂದು ಮಾತು ಹೇಳಲೇಬೇಕು. ಅದನ್ನು ಬಿಟ್ಟರೆ ಈ ಉಪನ್ಯಾಸ ಸುಳ್ಳಾಗುತ್ತದೆ.

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಬದನವಾಳು ಸಿಗುತ್ತದೆ. ನೂಲುವ ಊರು. ಅಲ್ಲಿಯ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದಿದ್ದರು. ಕೈಯಿಂದ ನೂತು ಬದುಕುವುದಕ್ಕೆ ನಾಡಿಗೆಲ್ಲ ಹೆಸರಾದ ಊರು ಅದು. ಅದೇ ಊರಿನಲ್ಲಿ 1993ರಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಲ್ಲೇ, ಮೂವರು ದಲಿತರ ಕೊಲೆ ನಡೆಯಿತು. ವಿವಾದ ಇದ್ದದ್ದು ದಲಿತರಿಗೂ ನಮ್ಮ ಸಮುದಾಯದವರಿಗೂ ನಡುವೆ. ಎರಡು ಕೇರಿಗಳನ್ನು ಸೇರಿಸುತ್ತಿದ್ದ ದಾರಿಯಲ್ಲಿ ಜನರ ಓಡಾಟ ನಿಂತುಹೋಯಿತು. ಇಪ್ಪತ್ತೊಂಬತ್ತು ವರ್ಷ! ಆ ವರ್ಷ ಹುಟ್ಟಿದ ಮಕ್ಕಳು ಬೆಳೆದು, ಮದುವೆಯಾಗಿ, ಅವರಿಗೆ ಮಕ್ಕಳಾಗುವಷ್ಟು ಕಾಲ. 2022ರ ಅಕ್ಟೋಬರ್ 2ರಂದು, ಒಂದು ರಾಜಕೀಯ ಯಾತ್ರೆ ಅಲ್ಲಿಗೆ ಬಂದಿದ್ದ ಸಂದರ್ಭದಲ್ಲಿ, ಆ ದಾರಿ ಮತ್ತೆ ತೆರೆಯಿತು. ಎರಡೂ ಕೇರಿಯವರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಯಾತ್ರೆ ಯಾವ ಪಕ್ಷದ್ದು ಎನ್ನುವುದು ಇಲ್ಲಿ ನನಗೆ ಮುಖ್ಯವಲ್ಲ. ನಾನು ಕೇಳುವುದು ಇಷ್ಟು: ಆ ದಾರಿ ತೆರೆಯಲು ಹೊರಗಿನವರು ಬರುವವರೆಗೆ ಯಾಕೆ ಕಾಯಬೇಕಾಯಿತು? ಆ ಇಪ್ಪತ್ತೊಂಬತ್ತು ವರ್ಷವೂ ನಮ್ಮ ಎದೆಯ ಮೇಲೆ ಲಿಂಗ ಇತ್ತಲ್ಲ!

ಇದನ್ನು ಬೇರೆಯವರು ಹೇಳಿದರೆ ನಮಗೆ ಕೋಪ ಬರುತ್ತದೆ. ಅದಕ್ಕೇ ನಮ್ಮವರ ನಡುವೆ, ನಮ್ಮ ಗೋಷ್ಠಿಯಲ್ಲಿ ಹೇಳುತ್ತಿದ್ದೇನೆ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಮಾಡಿ, ಅದಕ್ಕಾಗಿ ಪ್ರಾಣವನ್ನೇ ತೆತ್ತವರ ಪರಂಪರೆ ನಮ್ಮದು. ಮಾದಾರ ಚೆನ್ನಯ್ಯನವರನ್ನು, ಡೋಹರ ಕಕ್ಕಯ್ಯನವರನ್ನು ತನ್ನ ಹಿರಿಯರೆಂದು ಹೇಳಿಕೊಂಡವರು ಬಸವಣ್ಣನವರು. ಹೊಲದಲ್ಲಿ ದುಡಿಯುವ ಹಿರಿಯ ಜೀವ ನಮ್ಮ ಮನೆಯ ಚಿಕ್ಕ ಹುಡುಗನನ್ನೂ “ಬುದ್ಧೀ” ಎಂದು ಕರೆಯುತ್ತದೆ, ನಮ್ಮ ಹುಡುಗ ಆ ಹಿರಿಯನನ್ನು “ಲೇ” ಎನ್ನುತ್ತಾನೆ. ಪ್ರತಿಯೊಬ್ಬರನ್ನೂ ಅಯ್ಯಾ ಎಂದು ಮರ್ಯಾದೆಯಿಂದ ಕರೆಯುವುದನ್ನೇ ಆಚಾರವೆಂದು ಕಲಿಸಿದ ಗುರುವಿನ ಮಕ್ಕಳ ಬಾಯಲ್ಲಿ ಈ ಮಾತು! ದಿನನಿತ್ಯದ ಅಧ್ಯಾತ್ಮ ಬೇಕೆನ್ನುವವರು ಅಲ್ಲಿಂದಲೇ ಶುರುಮಾಡಬಹುದು. ದುಡ್ಡು ಖರ್ಚಿಲ್ಲ, ಮುಹೂರ್ತ ನೋಡಬೇಕಾಗಿಲ್ಲ. ನಾಳೆ ಬೆಳಿಗ್ಗೆ ಹೊಲಕ್ಕೆ ಬರುವ ಹಿರಿಯರನ್ನು ನಮ್ಮ ಮಕ್ಕಳು “ಬನ್ನಿ ತಾತ” ಎನ್ನಲಿ, “ಬನ್ನಿ ಅವ್ವ” ಎನ್ನಲಿ. ಅವರಿಗೂ ನಮಗೂ ಒಂದೇ ಲೋಟದಲ್ಲಿ ಕಾಫಿ ಬರಲಿ. ಸೂರಿನ ಸಂದಿಯಲ್ಲಿ ಬೇರೆ ಲೋಟ ಇಟ್ಟಿರುವ ಮನೆ ಇನ್ನೂ ಇದ್ದರೆ, ಆ ಲೋಟ ಅಲ್ಲಿರುವವರೆಗೆ ಆ ಮನೆಯ ಲಿಂಗಪೂಜೆ ಪೂರ್ತಿಯಾಗುವುದಿಲ್ಲ.

ಮೊದಲು ಹೇಳಿದೆ, ಬದುಕಿನ ಲೆಕ್ಕ ಒಂದು, ದೇವರ ಲೆಕ್ಕ ಇನ್ನೊಂದು ಎಂದು ಶರಣರು ಒಪ್ಪಲಿಲ್ಲ ಎಂದು. ಒಪ್ಪದಿರುವುದರಿಂದ ಎರಡು ಆಗುತ್ತವೆ. ಒಂದು, ಸಣ್ಣ ಕೆಲಸವೂ ದೊಡ್ಡದಾಗುತ್ತದೆ. ಸೊಪ್ಪು ಹಾಕುವುದು, ಅಂಗಳ ಗುಡಿಸುವುದು, ಮುಚ್ಚಳ ನೋಡುವುದು, ಎಲ್ಲದಕ್ಕೂ ಘನತೆ ಬರುತ್ತದೆ. ಇದು ಸಂತೋಷದ ಸಂಗತಿ. ಇನ್ನೊಂದು, ಸಣ್ಣ ತಪ್ಪೂ ದೊಡ್ಡದಾಗುತ್ತದೆ. ತಕ್ಕಡಿಯ ಮೋಸ, ತಡೆದ ಕೂಲಿ, ಬೇರೆ ಲೋಟ, ಮುಚ್ಚಿದ ದಾರಿ, ಇವನ್ನೆಲ್ಲ ಹೊರಗಿನ ವ್ಯವಹಾರ, ಪೂಜೆಗೆ ಸಂಬಂಧವಿಲ್ಲ ಎಂದು ಬದಿಗಿಡಲು ಬರುವುದಿಲ್ಲ. ನಮಗೆ ಮೊದಲನೆಯದು ಬೇಕು, ಎರಡನೆಯದು ಬೇಡ. ಆದರೆ ಎರಡೂ ಒಟ್ಟಿಗೇ ಬರುತ್ತವೆ.

ಮನೆಗೆ ಹೋಗುವಾಗ ಏನಾದರೂ ಕೊಂಡೊಯ್ಯಬೇಕಲ್ಲ. ಮೂರು ಹೊತ್ತಿಗೆ ಮೂರು ಪ್ರಶ್ನೆ ಇಟ್ಟುಕೊಳ್ಳೋಣ. ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡಾಗ, ಅದು ಹತ್ತೇ ನಿಮಿಷವಾದರೂ ಸರಿ, ಈ ಕೈ ಇವತ್ತು ಏನೇನು ಮಾಡಲಿದೆ ಎಂದು ಒಮ್ಮೆ ನೆನೆಯುವುದು. ನಡುಹಗಲು, ಕೆಲಸದ ನಡುವೆ, ಯಾರೂ ನೋಡದಿದ್ದರೂ ಇದನ್ನು ಹೀಗೆಯೇ ಮಾಡುತ್ತಿದ್ದೆನೇ ಎಂದು ಕೇಳಿಕೊಳ್ಳುವುದು. ರಾತ್ರಿ ಊಟಕ್ಕೆ ಕುಳಿತಾಗ, ಈ ಅನ್ನದಲ್ಲಿ ಯಾರ ಪಾಲಾದರೂ ಕೊಡದೆ ಉಳಿದಿದೆಯೇ ಎಂದು ಕೇಳಿಕೊಳ್ಳುವುದು. ಮೊದಲ ದಿನ ಉತ್ತರ ಹಿತವಾಗಿರುವುದಿಲ್ಲ. ಹಿತವಾಗಿಲ್ಲ ಎಂದು ಪ್ರಶ್ನೆ ಬಿಡಬಾರದು.

ಹಾಗೆಯೇ ನಮ್ಮ ಗೋಷ್ಠಿಯ ಹಿರಿಯರಲ್ಲಿ ಒಂದು ಬಿನ್ನಹ. ಮುಂದಿನ ತಿಂಗಳ ಗೋಷ್ಠಿಯನ್ನು ಸಭಾಂಗಣ ಬಿಟ್ಟು ಯಾವುದಾದರೂ ಊರಿನ ಎರಡು ಕೇರಿಗಳ ನಡುವಿನ ಅರಳಿಕಟ್ಟೆಯಲ್ಲಿ ಇಟ್ಟುಕೊಳ್ಳೋಣ. ಎಲ್ಲ ಮನೆಗಳಿಂದಲೂ ಅಕ್ಕಿ ಬೇಳೆ ಬರಲಿ, ಎಲ್ಲ ಕೇರಿಯವರೂ ಒಟ್ಟಿಗೆ ಅಡುಗೆ ಮಾಡಲಿ. ಬಡಿಸುವಾಗ ಸೌಟು ಯಾರ ಕೈಯಲ್ಲಿದೆ ಎಂದು ಯಾರೂ ನೋಡದಿರಲಿ. ಅವತ್ತು ಉಪನ್ಯಾಸ ಇಲ್ಲದಿದ್ದರೂ ನಡೆಯುತ್ತದೆ, ಆ ಪಂಕ್ತಿಯೇ ಉಪನ್ಯಾಸ. ಅಕ್ಕಿ ಹೊತ್ತು ತರುವವರಲ್ಲಿ ನಾನೂ ಒಬ್ಬ. ದಿನ ಮತ್ತು ಊರನ್ನು ಇವತ್ತೇ ಗೊತ್ತುಮಾಡಿಕೊಂಡು ಎದ್ದೇಳೋಣ ಎಂದು ಕೇಳಿಕೊಳ್ಳುತ್ತೇನೆ.